ನಾನೇನೂ ನೋಡಿಲ್ಲ ಎಂದ ಡ್ರೈವರ್

ಪ್ರವಚನದಲ್ಲಿ ದೃಷ್ಟಾಂತ ಹೇಳುವಾಗ ಒಬ್ಬ ಶ್ರೀಮಂತನನ್ನೋ ಒಬ್ಬ ರಾಜನನ್ನೋ ಕರೆತಂದು ನಿಲ್ಲಿಸುವುದು ನಮ್ಮಂಥ ಸ್ವಾಮಿಗಳ ರೂಢಿ. ಶ್ರೀಮಂತನ ತಪ್ಪು ಕೇಳುವುದು ಕೂತವರಿಗೂ ಹಿತ, ಯಾಕೆಂದರೆ ಅದು ನಮ್ಮ ತಪ್ಪಲ್ಲ. ಇವತ್ತು ಹಾಗೆ ಮಾಡುವುದಿಲ್ಲ. ಈ ಸಭೆಯಲ್ಲಿ ಕಂದಾಯ ಇಲಾಖೆಯವರಿದ್ದೀರಿ, ಶಾಲೆಯ ಮಾಸ್ತರರಿದ್ದೀರಿ, ದವಾಖಾನೆಯ ನರ್ಸಮ್ಮಂದಿರಿದ್ದೀರಿ, ನಿವೃತ್ತರಾದವರಂತೂ ಮುಂದಿನ ಸಾಲೆಲ್ಲ ತುಂಬಿದ್ದೀರಿ. ಆದ್ದರಿಂದ ಇವತ್ತಿನ ಕಥೆ ಸರಕಾರಿ ನೌಕರರದ್ದೇ.

ಒಂದೂರಿನಲ್ಲಿ ಒಂದು ಅಗ್ನಿಶಾಮಕ ಠಾಣೆ ಇತ್ತು. ಅಲ್ಲಿಗೆ ಹುಲಿಗೆಮ್ಮ ಎಂಬ ಹುಡುಗಿ ನೌಕರಿಗೆ ಬಂದಳು. ಆ ಠಾಣೆ ಕಂಡ ಮೊದಲ ಹೆಣ್ಣುಮಗಳು. ತರಬೇತಿಯಲ್ಲಿ ಗಂಡಸರ ಸಮಕ್ಕೆ ಏಣಿ ಹತ್ತಿದ್ದಳು, ಪೈಪು ಹೊತ್ತು ಓಡಿದ್ದಳು, ಹಗ್ಗ ಕಟ್ಟಿಕೊಂಡು ಬಾವಿಗೆ ಇಳಿದಿದ್ದಳು. ಬಂದವಳನ್ನು ಠಾಣಾಧಿಕಾರಿ ಎಲ್ಲಿ ಕೂರಿಸಿದ? ಫೋನಿನ ಮುಂದೆ. ಬೆಂಕಿ ಬಿದ್ದಿದೆ ಎಂದು ಕರೆ ಬರುತ್ತಿತ್ತು, ಅವಳು ಗಂಟೆ ಬಾರಿಸುತ್ತಿದ್ದಳು, ಎಲ್ಲರೂ ಗಾಡಿ ಹತ್ತಿ ಹೋಗುತ್ತಿದ್ದರು, ಅವಳು ಅಲ್ಲೇ ಕೂರುತ್ತಿದ್ದಳು. ಅವರು ತಿರುಗಿ ಬಂದಮೇಲೆ ಚಹಾ ಮಾಡಿಕೊಡಬೇಕು. ಒಂದು ದಿನ ಕೇಳಿದಳು.

“ಸಾಹೇಬ್ರ, ನನ್ನ ಯಾವಾಗ ಗಾಡಿ ಮ್ಯಾಲ ಕಳಸ್ತೀರಿ?”

“ನೀ ಹೋದ್ರ ಚಾ ಯಾರು ಮಾಡೋರು?” ಎಂದ ಠಾಣಾಧಿಕಾರಿ. ಎಲ್ಲರೂ ನಕ್ಕರು.

ನೋಡಿ, ಈ ನಗೆಯನ್ನು ಗಮನಿಸಿ. ನಕ್ಕವರು ಕೆಟ್ಟವರಲ್ಲ. ಮೇಲಿನವನು ನಗೆಚಾಟಿಕೆ ಮಾಡಿದಾಗ ನಗುವುದು ನಮ್ಮ ಕಚೇರಿಗಳ ಅಭ್ಯಾಸ. ಆದರೆ ಆ ನಗೆ ಠಾಣಾಧಿಕಾರಿಗೆ ಏನು ಹೇಳಿತು? ಇಲ್ಲಿ ನಿನ್ನನ್ನು ತಡೆಯುವವರಿಲ್ಲ ಎಂದು ಹೇಳಿತು. ದೊಡ್ಡ ತಪ್ಪಿಗೆ ಧೈರ್ಯ ಬರುವುದು ಇಂಥ ಸಣ್ಣ ನಗೆಯಿಂದಲೇ.

ಒಂದು ಮಧ್ಯಾಹ್ನ ಅವನು ಫೋನಿನ ಕೋಣೆಗೆ ಬಂದ. ಬಾಗಿಲು ಎಳೆದು ಮುಚ್ಚಿದ. ಹುಲಿಗೆಮ್ಮನ ಕೈ ಹಿಡಿದುಕೊಂಡ.

“ಗಾಡಿ ಮ್ಯಾಲ ಹೋಗಬೇಕಂತಿದ್ದಿಲ್ಲ? ನನ್ನ ಮಾತು ಕೇಳಿದ್ರ ನಾಳೇನ ಕಳಸ್ತೀನಿ.”

ಅವಳು ಕೈ ಕಿತ್ತುಕೊಂಡು, ಬಾಗಿಲು ತೆಗೆದು ಹೊರಗೆ ಬಂದಳು.

ಕೋಣೆಗೊಂದು ಕಿಟಕಿ ಇತ್ತು, ಅದು ತೆರೆದಿತ್ತು. ಹೊರಗೆ ಅಂದಾನಪ್ಪ ಗಾಡಿ ತೊಳೆಯುತ್ತಿದ್ದ. ಠಾಣೆಯ ಹಿರಿಯ ಡ್ರೈವರ್. ಬೆಳಗ್ಗೆ ಪೂಜೆಯಾಗದೆ ನೀರು ಕುಡಿಯದವನು, ಯಾರ ಗೊಡವೆಗೂ ಹೋಗದವನು, ನಿಮ್ಮ ಹಾಗೆ ಶ್ರಾವಣದಲ್ಲಿ ಪ್ರವಚನ ತಪ್ಪಿಸದವನು. ಅವನು ಎಲ್ಲವನ್ನೂ ನೋಡಿದ. ಮಾತನ್ನೂ ಕೇಳಿದ. ಹುಲಿಗೆಮ್ಮನೂ ಅವನನ್ನು ನೋಡಿದಳು.

ಅವಳು ಅತ್ತುಕೊಂಡು ಮನೆಗೆ ಹೋಗಲಿಲ್ಲ. ಜಿಲ್ಲಾ ಕಚೇರಿಯಲ್ಲಿ ಹೆಣ್ಣುಮಕ್ಕಳ ದೂರು ವಿಚಾರಿಸುವ ಸಮಿತಿ ಇದೆ ಎಂದು ಅವಳಿಗೆ ಗೊತ್ತಿತ್ತು. ಅಲ್ಲಿಗೆ ದೂರು ಕೊಟ್ಟಳು. ಸಾಕ್ಷಿ ಯಾರು ಎಂದರು. ಅಂದಾನಪ್ಪ ಕಾಕಾ ಎಂದಳು.

ಆಮೇಲೆ ಠಾಣೆಯಲ್ಲಿ ಏನಾಯಿತು ಗೊತ್ತೇ? ತಪ್ಪು ಮಾಡಿದವನ ಜೊತೆ ಎಲ್ಲರೂ ಮಾತಾಡಿದರು. ದೂರು ಕೊಟ್ಟವಳ ಜೊತೆ ಮಾತು ಬಿಟ್ಟರು. “ಠಾಣೆ ಮರ್ಯಾದಿ ಬೀದಿಗೆ ತಂದ್ಲು” ಎಂದರು. “ಇದಕ್ಕ ಹೆಣ್ಣಮಕ್ಕಳು ಬ್ಯಾಡ ಅನ್ನೂದು” ಎಂದರು. ಅವಳು ಊಟಕ್ಕೆ ಕೂತರೆ ಪಕ್ಕದವರು ಎದ್ದು ಹೋಗುತ್ತಿದ್ದರು. ಮರ್ಯಾದೆ ಕಳೆದವರು ಯಾರು, ಶಿಕ್ಷೆ ಉಂಡವರು ಯಾರು?

ಸಮಿತಿಯ ಅಧ್ಯಕ್ಷೆ ಠಾಣೆಗೇ ಬಂದು ಒಬ್ಬೊಬ್ಬರನ್ನೂ ಕರೆದು ಕೇಳಿದರು. ಸಾಹೇಬರು ದೇವರಂಥವರು ಎಂದರು ಎಲ್ಲರೂ. ಕೊನೆಗೆ ಅಂದಾನಪ್ಪನ ಸರದಿ.

“ನಾ ಗಾಡಿ ತೊಳೀತಿದ್ದೆ ರೀ. ನಾನೇನೂ ನೋಡಿಲ್ಲ.”

ಯಾಕೆ ಹಾಗೆಂದ? ಅಂಜಿಕೆಯೇ? ಅಂಜಿಕೆಯೂ ಇತ್ತು. ಆದರೆ ದೊಡ್ಡ ಕಾರಣ ಬೇರೆ. ಹಿಂದಿನ ವರ್ಷ ಅವನ ಹೆಂಡತಿ ಶಂಕ್ರವ್ವನಿಗೆ ಹೊಟ್ಟೆಯ ಆಪರೇಶನ್ ಆದಾಗ, ಇದೇ ಠಾಣಾಧಿಕಾರಿ ತನ್ನ ಕಾರಿನಲ್ಲಿ ಅವಳನ್ನು ಹುಬ್ಬಳ್ಳಿಗೆ ಕರೆದೊಯ್ದಿದ್ದ, ದವಾಖಾನೆಯಲ್ಲಿ ಮನೆಯವನ ಹಾಗೆ ಓಡಾಡಿದ್ದ. ಅದೂ ನಿಜ, ಇದೂ ನಿಜ. ಒಬ್ಬನೇ ಮನುಷ್ಯ ಒಂದು ಕಡೆ ಉಪಕಾರಿಯೂ ಇನ್ನೊಂದು ಕಡೆ ಪೀಡಕನೂ ಆಗಿರಬಲ್ಲ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಅಂದಾನಪ್ಪ ತನಗೆ ತಾನೇ ಹೇಳಿಕೊಂಡ. ಸುಳ್ಳಿಗೆ ಕೃತಜ್ಞತೆಯ ಅಂಗಿ ತೊಡಿಸಿದ.

ಮರುದಿನ ಹುಲಿಗೆಮ್ಮ ಎಂದಿನಂತೆ ಕೆಲಸಕ್ಕೆ ಬಂದಳು. ಅಂದಾನಪ್ಪ ತಲೆ ತಗ್ಗಿಸಿ ಎಂಜಿನ್ ನೋಡುತ್ತ ನಿಂತಿದ್ದ. ಅವಳೇ ಹತ್ತಿರ ಹೋದಳು.

“ಕಾಕಾ, ನಿಮಗ ಬೈಯಾಕ ಬಂದಿಲ್ಲ. ಒಂದ್ ಮಾತು ಹೇಳಿ ಹೋಗ್ತೀನಿ. ಅವತ್ತು ಅವ್ರು ಕೈ ಹಿಡದಾಗ ನನಗ ಏನ್ ಮಾಡಬೇಕಂತ ತಿಳೀಲಿಲ್ಲ. ಕಿಟಕ್ಯಾಗ ನಿಮ್ಮ ಮಾರಿ ಕಾಣ್ತು. ನಮ್ಮ ಕಾಕಾ ಅದಾರ ಅಂತ ಧೈರ್ಯ ಬಂತು. ಅದಕ್ಕ ಕೈ ಬಿಡಿಸ್ಕೊಂಡೆ.”

ಅಷ್ಟು ಹೇಳಿ ಹೋಗಿ ಫೋನಿನ ಮುಂದೆ ಕೂತಳು.

ಬೈದಿದ್ದರೆ ಅಂದಾನಪ್ಪ ತಡೆದುಕೊಳ್ಳುತ್ತಿದ್ದ. ಇದನ್ನು ತಡೆದುಕೊಳ್ಳುವುದು ಹೇಗೆ? ಸಂಜೆ ಮನೆಗೆ ಹೋದ. ಶಂಕ್ರವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಊಟದ ಗಂಗಾಳ ಮುಂದಿಟ್ಟರೂ ಅವನು ಕೈ ಹಚ್ಚಲಿಲ್ಲ. ಏನಾಯಿತೆಂದು ಕೇಳಿದಾಗ ಎಲ್ಲ ಹೇಳಿಬಿಟ್ಟ.

“ನಿನ್ನ ಜೀವ ಉಳಿಸಿದ ಮನಷ್ಯಾ ಅಂವ. ಅವನ ವಿರುದ್ಧ ಹೆಂಗ ಹೇಳ್ಲಿ?”

ಶಂಕ್ರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಉಪಕಾರ ಮಾಡಿದ್ದು ನನಗ. ನಾ ಹೋಗಿ ಕೈ ಮುಗೀತೀನಿ, ಅವ್ರ ಮನ್ಯಾಗ ಕಾರ್ಯ ಇದ್ರ ರೊಟ್ಟಿ ಬಡದು ಬರ್ತೀನಿ. ಅದನ್ನ ತೀರಸಾಕ ಆ ಹುಡುಗಿ ಮಾನ ಕೊಡಾಕ ನೀವ್ಯಾರು? ನನ್ನ ಹೆಸರಿನ್ಯಾಗ ಸುಳ್ಳು ಹೇಳಬ್ಯಾಡ್ರಿ.”

ಎಂಥ ಮಾತು ನೋಡಿ. ನನಗೆ ಆದ ಉಪಕಾರವನ್ನು ಇನ್ನೊಬ್ಬಳ ಮಾನ ಕೊಟ್ಟು ತೀರಿಸಬೇಡ. ಈ ಮಾತಿಗೆ ಯಾವ ಶಾಸ್ತ್ರದ ಬೆಂಬಲವೂ ಬೇಡ.

ಅಂದಾನಪ್ಪ ರಜೆ ಹಾಕಿ ಜಿಲ್ಲಾ ಕಚೇರಿಗೆ ಹೋದ. ಸಮಿತಿಯ ಮುಂದೆ ನಿಂತು, “ಅವತ್ತು ನಾ ಸುಳ್ಳು ಹೇಳಿದ್ನಿ. ನಾ ಎಲ್ಲಾ ನೋಡೇನಿ” ಎಂದ.

“ಈಗ ಹಿಂಗ ಹೇಳ್ರಿ ಅಂತ ಯಾರಾದ್ರೂ ಒತ್ತಾಯ ಮಾಡ್ಯಾರೇನು?” ಎಂದು ಅಧ್ಯಕ್ಷೆ ಕೇಳಿದರು.

“ಇಲ್ರಿ ಮೇಡಂ. ಹೇಳಂತಾನೂ ಯಾರೂ ಒತ್ತಾಯ ಮಾಡಿಲ್ಲ, ಅವತ್ತು ಹೇಳಬ್ಯಾಡಂತಾನೂ ಮಾಡಿದ್ದಿಲ್ಲ. ನನ್ನ ಬಾಯಿ ನಾನ ಮುಚ್ಕೊಂಡಿದ್ನಿ.”

ಠಾಣಾಧಿಕಾರಿಯನ್ನು ಕರೆಸಿ, ಅವನ ಎದುರಿಗೇ ಮತ್ತೊಮ್ಮೆ ಹೇಳಿಸಿದರು. ಠಾಣಾಧಿಕಾರಿ ಕೇಳಿದ, “ಅಂದಾನಪ್ಪ, ನಿನ್ನ ಹೆಂಡತಿ ಸಲುವಾಗಿ ನಾ ಓಡ್ಯಾಡಿದ್ದು ಮರತೇನು?”

“ಮರ್ತಿಲ್ಲ ಸಾಹೇಬ್ರ. ಸಾಯೋತನಕ ಮರಿಯಂಗಿಲ್ಲ. ಆದ್ರ ಕಣ್ಣಿಲೆ ನೋಡಿದ್ದನ್ನೂ ಮರಿಯಾಕ ಆಗವಲ್ದು.”

ಅವನ ಧ್ವನಿ ನಡುಗುತ್ತಿತ್ತಂತೆ. ನಡುಗಲಿ. ಧೈರ್ಯವಂತನ ಧ್ವನಿ ನಡುಗಬಾರದು ಎಂದು ಯಾರು ಹೇಳಿದರು? ನಡುಗುತ್ತಲೇ ಹೇಳಿದರೂ ಸತ್ಯ ಸತ್ಯವೇ.

ಅವನೊಬ್ಬ ಬಾಯಿ ಬಿಟ್ಟಮೇಲೆ ಇನ್ನಿಬ್ಬರು ಬಂದು ತಾವು ಕೇಳಿಸಿಕೊಂಡ ಮಾತುಗಳನ್ನು ಹೇಳಿದರು. ಉಳಿದವರು ಕೊನೆಯವರೆಗೂ ಸುಮ್ಮನಿದ್ದರು. ಠಾಣಾಧಿಕಾರಿ ಅಮಾನತಾದ, ವಿಚಾರಣೆ ಮುಗಿದಮೇಲೆ ಹುದ್ದೆಯಲ್ಲಿ ಕೆಳಗಿಳಿಸಿ ದೂರದ ಜಿಲ್ಲೆಗೆ ಕಳಿಸಿದರು. ಅಂದಾನಪ್ಪನ ಜೊತೆಗೂ ಕೆಲವರು ಮಾತು ಬಿಟ್ಟರು. ಅವನು ಹುಲಿಗೆಮ್ಮನ ಎದುರು ಡಬ್ಬಿ ಬಿಚ್ಚಿ ಕೂತು ಊಟ ಮಾಡತೊಡಗಿದ. ಶಂಕ್ರವ್ವ ಎರಡು ರೊಟ್ಟಿ ಹೆಚ್ಚಿಗೆ ಕಟ್ಟುತ್ತಿದ್ದಳು. ಹೊಸ ಅಧಿಕಾರಿ ಬಂದು, ಎಲ್ಲರ ಹಾಗೆ ಹುಲಿಗೆಮ್ಮನಿಗೂ ಗಾಡಿಯ ಪಾಳಿ ಹಾಕಿದ.

ಈಗ ನೀವು ಕಾಯುತ್ತಿದ್ದೀರಿ, ನನಗೆ ಗೊತ್ತು. ಹುಲಿಗೆಮ್ಮ ಉರಿಯುವ ಮನೆಗೆ ನುಗ್ಗಿ ಆ ಠಾಣಾಧಿಕಾರಿಯ ಮಗುವನ್ನೇ ಎತ್ತಿಕೊಂಡು ಬಂದಳು, ಎಲ್ಲರೂ ನಾಚಿದರು ಎಂದು ಸ್ವಾಮಿಗಳು ಹೇಳುತ್ತಾರೆ ಎಂದುಕೊಂಡಿದ್ದೀರಿ. ಇಲ್ಲ. ಅವಳು ಹೋದ ಮೊದಲ ಕರೆ ಒಂದು ಹುಲ್ಲಿನ ಬಣವಿಯದು. ಇವರು ತಲುಪುವಷ್ಟರಲ್ಲಿ ಅರ್ಧ ಬೂದಿಯಾಗಿತ್ತು. ಉಳಿದರ್ಧಕ್ಕೆ ಎಲ್ಲರ ಜೊತೆ ನಿಂತು ನೀರು ಹೊಡೆದಳು, ಎಲ್ಲರ ಹಾಗೆ ಮಸಿ ಮೆತ್ತಿದ ಮುಖದಲ್ಲಿ ತಿರುಗಿ ಬಂದಳು. ಅಷ್ಟೇ. ಗೌರವ ಸಿಗಬೇಕಾದರೆ ಹೆಣ್ಣುಮಗಳೊಬ್ಬಳು ಪವಾಡ ಮಾಡಿ ತೋರಿಸಬೇಕೇ? ನಿಮ್ಮ ಗಂಡುಮಗ ನೌಕರಿಗೆ ಸೇರಿದಾಗ ಯಾರಾದರೂ ಪವಾಡ ಕೇಳಿದರೇ? ಕೆಲಸಕ್ಕೆ ಬಂದವಳಿಗೆ ಕೆಲಸ ಕೊಡಬೇಕು. ಮೈಮುಟ್ಟದೆ, ಮನಸ್ಸು ಮುರಿಯದೆ ಕೊಡಬೇಕು. ಅದು ಉಪಕಾರವಲ್ಲ, ಅದು ಅವಳದ್ದು.

ಕಥೆ ಮುಗಿಯಿತು. ಇನ್ನು ನಿಮ್ಮ ವಿಷಯಕ್ಕೆ ಬರುತ್ತೇನೆ.

ಇಲ್ಲಿ ಕೂತವರಲ್ಲಿ ಠಾಣಾಧಿಕಾರಿಯಂಥವರು ಇರಲಾರರು ಎಂದು ನಂಬಿಕೊಳ್ಳುತ್ತೇನೆ. ಇದ್ದರೆ ಅವರಿಗೆ ಪ್ರವಚನ ಸಾಲದು, ಕಾನೂನೇ ಬೇಕು. ಆದರೆ ಅಂದಾನಪ್ಪನಂಥವರು ಎಷ್ಟು ಜನ ಇದ್ದೀರಿ? ಸುಮ್ಮನಿದ್ದೆ, ಪಾಪ ಮಾಡಲಿಲ್ಲ ಎಂದು ವಿಭೂತಿ ಹಚ್ಚಿಕೊಂಡು ಮಲಗುವವರು ಎಷ್ಟು ಜನ? ನೋಡಿಯೂ ನೋಡಿಲ್ಲ ಎಂದ ಕಣ್ಣಿಗೆ ಗರ್ಭಗುಡಿಯಲ್ಲಿ ಏನು ಕಂಡೀತು?

ಮನೆಗೆ ಹೋದಮೇಲೆ ಇದನ್ನು ಮರೆಯಬೇಡಿ. ಸೊಸೆಯೋ ಮಗಳೋ ತಂಗಿಯೋ ಬಂದು, ಕಚೇರಿಯಲ್ಲಿ ಹೀಗಾಯಿತು ಎಂದರೆ “ಹೊಂದಿಕೊಂಡು ಹೋಗವ್ವಾ” ಎನ್ನಬೇಡಿ. “ನೀ ಯಾಕ ಒಬ್ಬಾಕಿ ಇದ್ದಿ” ಎಂದು ಅವಳನ್ನೇ ವಿಚಾರಣೆಗೆ ನಿಲ್ಲಿಸಬೇಡಿ. ದೂರು ಕೊಡು, ಜೊತೆಗೆ ನಾನು ಬರುತ್ತೇನೆ ಎನ್ನಿ. ಕಚೇರಿಯಲ್ಲಿ ಮೇಲಿನವರು ಹೀನ ಮಾತಾಡಿದರೆ ಎದುರು ವಾದಿಸುವ ಶಕ್ತಿ ಇಲ್ಲದಿರಬಹುದು. ನಗದೆ ಇರುವ ಶಕ್ತಿಯಂತೂ ಎಲ್ಲರಿಗೂ ಇದೆ. ಸಮಿತಿಯವರು ಕೇಳಿದಾಗ ಯಾರ ಪರ, ಯಾರ ವಿರುದ್ಧ ಎಂದು ಲೆಕ್ಕ ಹಾಕಬೇಡಿ. ಕಂಡದ್ದನ್ನು ಕಂಡ ಹಾಗೆ ಹೇಳಿ. ಸಾಕ್ಷಿಯ ಧರ್ಮ ಅಷ್ಟೇ.

ನಿಮ್ಮ ಕಚೇರಿಯಲ್ಲಿಯೂ ದೂರು ಕೊಟ್ಟದ್ದಕ್ಕೆ ಒಬ್ಬಳೇ ಉಣ್ಣುತ್ತಿರುವ ಹೆಣ್ಣುಮಗಳು ಇದ್ದಾಳೆ. ಅವಳು ಯಾರೆಂದು ನಿಮಗೆ ಗೊತ್ತು, ನಾನು ಹೆಸರು ಹೇಳಬೇಕಾಗಿಲ್ಲ. ನಾಳೆ ಮಧ್ಯಾಹ್ನ ನಿಮ್ಮ ಡಬ್ಬಿ ಎತ್ತಿಕೊಂಡು ಹೋಗಿ ಅವಳ ಪಕ್ಕದಲ್ಲಿ ಕೂತುಕೊಳ್ಳಿ. ದೊಡ್ಡ ಮಾತೇನೂ ಆಡಬೇಕಾಗಿಲ್ಲ. ಎಲ್ಲರೂ ನೋಡಲಿ. ನಾಡಿದ್ದು ಸಮಿತಿಯ ಮುಂದೆ ಬಾಯಿ ತೆರೆಯುವ ಧೈರ್ಯ ಬೇರೆಲ್ಲಿಂದಲೂ ಬರುವುದಿಲ್ಲ, ಆ ಊಟದಿಂದಲೇ ಬರುತ್ತದೆ. ಹೋಗಿ, ಕೂತು ನೋಡಿ.