ಒಂದು ತೋಳಿಲ್ಲದ ಸ್ವೆಟರ್

...ಅಲ್ಲ, ತಡೀರಿ, ಅದು ಚಳಿಗಾಲ ಅಲ್ಲ. ಮಳೆ ಮುಗಿದಿತ್ತು, ಇಬ್ಬನಿ ಹೆಪ್ಪುಗಟ್ಟೋ ಚಳಿ ಇನ್ನೂ ಬಂದಿರ್ಲಿಲ್ಲ. ನಿಮ್ಮ ತಾತ ಹೋಗಿ ಮೂರ್ನಾಲ್ಕು ತಿಂಗಳಾಗಿತ್ತು ಅಷ್ಟೆ. ಅವರಿಗೆ ಅಂತ ಹೆಣೀತಿದ್ದ ಬೂದು ಸ್ವೆಟರು ಒಂದು ತೋಳಿಲ್ದೆ ನನ್ನ ಚೀಲದಲ್ಲೇ ಇತ್ತು. ದಿನಾ ಟೀ ತೋಟದ ಬೆಟ್ಟ ಹತ್ತೋ ಸೋಲೂರು ಬಸ್ಸಲ್ಲಿ ಅದನ್ನ ಮಡಿಲಲ್ಲಿಟ್ಕೊಂಡು ಸ್ಕೂಲಿಗೆ ಹೋಗ್ತಿದ್ದೆ. ಹೆಣೀತಿರ್ಲಿಲ್ಲ, ಸುಮ್ನೆ ಇಟ್ಕೊಂಡಿರ್ತಿದ್ದೆ, ಗೊತ್ತಾಯ್ತಾ. ಪಾಠ ಮಾಡ್ತಿದ್ದೆ ಅಂತೀನಿ, ಎಲ್ಲಿ ಮಾಡ್ತಿದ್ದೆ, ಬೋರ್ಡ್ ಮೇಲೆ ಬರೆದು ಕೂತ್ಕೋತಿದ್ದೆ.

ನಾಲ್ಕನೇ ಕ್ಲಾಸಲ್ಲಿ ಗಿರಿಜಾ ಅಂತ ಒಬ್ಳಿದ್ಲು. ಅವಳಮ್ಮ ಜ್ವರ ಬಂದು ತೀರ್ಕೊಂಡ್ಮೇಲೆ ಆ ಹುಡುಗಿ ಬಾಯೇ ಬಿಟ್ಟಿರ್ಲಿಲ್ಲ. ಓದು ಅಂದ್ರೆ ಪುಸ್ತಕ ನೋಡ್ತಾ ನಿಲ್ಲೋಳು. ಒಂದಿನ ಅವಳ ಹೆತ್ತೆ, ಅಲ್ಲಿ ಅಜ್ಜಿಗೆ ಹಾಗಂತಾರೆ, ಬಂದು, 'ಇವಳು ಕಲಿಯೋದು ಇಷ್ಟೇ ಟೀಚರಮ್ಮ. ಪರೀಕ್ಷೆ ಆದ್ಮೇಲೆ ನಂಜೊತೆ ಟೀ ಎಲೆ ಕೀಳೋಕೆ ಬರ್ಲಿ' ಅಂದ್ರು. ಕೋಪದಲ್ಲಲ್ಲ, ಸೋತು ಹೇಳಿದ್ರು.

ಆ ಹುಡುಗಿ ಮಾತ್ರ ದಿನಾ ಮೇಜಿನ ಹತ್ರ ಬಂದು, ಚೀಲದಲ್ಲಿದ್ದ ಉಲ್ಲನ್ ಮೇಲೆ ಬೆರಳಾಡ್ಸಿ ಹೋಗೋಳು. ಹೆಣಿಗೆ ಕಲಿಸೋಣ ಅನ್ನಿಸ್ತು, ಮನೇಲಿ ಬೇರೆ ಉಲ್ಲನ್ ಇರ್ಲಿಲ್ಲ. ಒಂದು ಭಾನುವಾರ, ಅಲ್ಲ, ಶನಿವಾರ, ಆ ಸ್ವೆಟರನ್ನೇ ಬಿಚ್ಚಿದೆ. ಬಿಚ್ಚಿದ ಉಲ್ಲನ್ ಸುರುಳಿ ಸುರುಳಿಯಾಗೇ ಇರತ್ತೆ, ಬಿಸಿನೀರಲ್ಲಿ ಅದ್ದಿ, ಭಾರ ಕಟ್ಟಿ ನೇತುಹಾಕ್ಬೇಕು, ಆಗ ನೆಟ್ಟಗಾಗತ್ತೆ. ಅದು ಒಣಗೋವರೆಗೂ ಮುಂದೆ ಕೂತು ಅತ್ಬಿಟ್ಟೆ. ಅವರು ಹೋದ್ಮೇಲೆ ಅವತ್ತೇ ಮೊದಲು ಅತ್ತಿದ್ದು.

ಪಾಠಕ್ಕೇ ಗತಿಯಿಲ್ಲ, ಇನ್ನು ಸ್ವೆಟರ್ ಹೆಣೆಯೋದು ಕಲಿಸ್ತೀರಾ ಅಂತ ಹೆತ್ತೆ ನಕ್ರು. ಆದ್ರೂ ಕವಾತಲ್ಲಿ ಕತ್ತರಿಸಿದ ಟೀ ಗಿಡದ್ದು ಎರಡು ಕಡ್ಡಿ, ಹೆಣೆಯೋಕೆ ಅಂತ, ಕೆತ್ತಿ, ನುಣ್ಣಗೆ ಉಜ್ಜಿ ಕಳಿಸಿದ್ರು.

ಮಧ್ಯಾಹ್ನ ಊಟ ಆದ್ಮೇಲೆ ಗಿರಿಜಾ, ನಾನು ಇಬ್ರೂ ಸ್ಕೂಲ್ ಜಗಲಿ ಮೇಲೆ ಕೂರ್ತಿದ್ವಿ. ಮಾತಿಲ್ಲ, ಕೈ ಮಾತ್ರ. ಒಂದಿನ ನೋಡಿದ್ರೆ ಅವಳು ಹೆಣೀತಿದ್ದ ಮಫ್ಲರಲ್ಲಿ ಕುಣಿಕೆ ಜಾರಿ ತೂತು ಬಿದ್ದಿದೆ. ನಾನು ಟೀಚರಲ್ವಾ, ತಪ್ಪು ಕಂಡ್ರೆ ಕೈ ಸುಮ್ನಿರಲ್ಲ, ಎಳೆ ಹಿಡ್ದು ಬಿಚ್ಚೋಕೆ ಹೋದೆ. ಅವಳು ನನ್ನ ಕೈ ಹಿಡ್ಕೊಂಡ್ಳು.

'ಬಿಚ್ಬೇಡಿ ಟೀಚರ್. ಅದು ಅಲ್ಲೇ ಇರ್ಲಿ. ನಾನು ಮುಂದೆ ಹೆಣೀತೀನಿ.'

ಸಣ್ಣ ದನಿ. ನಾನು ಕೈ ತೆಗೆದೆ. ಅವತ್ತಿಂದ ಕುಣಿಕೆ ಎಣಿಸ್ತಾ ಬಾಯಿ ಬಿಟ್ಲು, ಎಣಿಸ್ತಾ ಎಣಿಸ್ತಾ ಮಗ್ಗಿ ಬಂತು, ಓದು ಆಮೇಲೆ ತಾನಾಗೇ ಬಂತು, ತಾನಾಗೇ ಅಂದ್ರೆ ಸುಳ್ಳು, ಒದ್ದಾಡ್ಕೊಂಡೇ ಬಂತು. ನಾನೂ ಬೋರ್ಡ್ ಮುಂದೆ ನಿಂತು ಮಾತಾಡೋಕೆ ಶುರು ಮಾಡ್ದೆ. ಪರೀಕ್ಷೆ ಆದ್ಮೇಲೆ ಹೆತ್ತೆ ಅವಳನ್ನ ಎಲೆ ಕೀಳೋಕೆ ಕರ್ಕೊಂಡು ಹೋಗ್ಲಿಲ್ಲ, ಐದನೇ ಕ್ಲಾಸಿಗೆ ತಂದು ಬಿಟ್ರು. ಹೆತ್ತೆ ಕುತ್ತಿಗೇಲಿ ಆ ತೂತು ಬಿದ್ದ ಮಫ್ಲರ್ ಇತ್ತು.

ನೋಡಿ, ಮನಸ್ಸು ಭಾರ ಆದಾಗ ಕೈ ಖಾಲಿ ಬಿಡ್ಬಾರ್ದು. ತಗೋ, ಈ ಉಲ್ಲನ್ ಉಂಡೆ ನೀನು ಹಿಡ್ಕೋ, ಬೆಕ್ಕು ಎಳೀತಿದೆ.