ಬಟ್ಟೆ ಒಣಗಿಸುವ ಕೋಣೆಯ ಮೂವತ್ತೊಂಬತ್ತು ನಿಮಿಷ

ನನ್ನ ಹೆಸರನ್ನು ಗುರುತಿನ ಚೀಟಿಯಲ್ಲಿ ಇದ್ದಂತೆ ಬರೆದುಕೊಂಡಿದ್ದಾರೆ. ಎಲ್ಲರೂ ಕರೆಯುವುದು ದೊಡ್ಡಮ್ಮ ಎಂದು. ವಯಸ್ಸು 67. ಶಾಲಾ ಸಮವಸ್ತ್ರ ಹೊಲಿಯುವ ಅಂಗಡಿಯ ಮಾಲೀಕಳು. ವಾಸ ಅಂಗಡಿಯ ಮೇಲಿನ ಮಹಡಿ. ಹನ್ನೊಂದು ವರ್ಷದಿಂದ ಬಾಲಕಿಯರ ಕಬಡ್ಡಿ ಸಂಘದ ಅಧ್ಯಕ್ಷೆ. ಸಂಘದಲ್ಲಿ ನನ್ನ ಮಾತಿಗೆ ಎದುರಾಡಿದವರಿಲ್ಲ. ಯಾರೂ ಕರೆಸದೆ ನಾನೇ ಬಂದು ಈ ಮೂಲಕ ತಿಳಿಸುವುದೇನೆಂದರೆ:

ವಲಯ ಕ್ರೀಡಾಕೂಟಕ್ಕೆ ನಮ್ಮ ತಂಡ 12ನೇ ತಾರೀಖು ಬಂದು ಕ್ರೀಡಾಂಗಣದ ವಸತಿಗೃಹದಲ್ಲಿ ಇಳಿದುಕೊಂಡಿತು. ನನ್ನ ಮೊಮ್ಮಗಳು ಚೂಟಿ, ವಯಸ್ಸು 15, ತಂಡದ ಮುಖ್ಯ ದಾಳಿಗಾರ್ತಿ. ಅವಳ ವಿಭಾಗದಲ್ಲಿ ತೂಕ 55 ಕಿಲೋ ಮೀರುವಂತಿಲ್ಲ. 13ನೇ ತಾರೀಖು ಸಂಜೆ 6ಕ್ಕೆ ತೂಗಿದಾಗ 56 ಕಿಲೋ 100 ಗ್ರಾಂ ಬಂತು. ಅಧಿಕೃತ ತೂಕ ಮರುದಿನ ಬೆಳಿಗ್ಗೆ 8ಕ್ಕೆ. ರಾಜ್ಯ ತಂಡದ ಆಯ್ಕೆದಾರರು ಅಂದೇ ಬರುವವರಿದ್ದರು.

ಚೂಟಿಯನ್ನು ಬಿಟ್ಟು ಬೇರೆಯವಳನ್ನು ಇಳಿಸೋಣ, ಒಂದು ಪಂದ್ಯ ಹೋದ್ರೆ ಹೋಗ್ಲಿ ದೊಡ್ಡಮ್ಮ, ಮಗು ಗಟ್ಟಿಯಾಗಿರ್ಲಿ ಎಂದು ಕೋಚ್ ಹೇಳಿದಳು. ಆಡಿಸೋದು ನಿನ್ನ ಕೆಲಸ, ಯಾರು ಆಡ್ಬೇಕು ಅಂತ ಹೇಳೋದು ನಾನು ಎಂದು ಅವಳ ಬಾಯಿ ಮುಚ್ಚಿಸಿದೆ. ಅಂದು ಸಂಜೆಯಿಂದಲೇ ಚೂಟಿಗೆ ನೀರು ನಿಲ್ಲಿಸಿದೆ. 6.30ಕ್ಕೆ, ರಕ್ತದೊತ್ತಡಕ್ಕೆಂದು ನನಗೆ ಕೊಟ್ಟಿರುವ, ಮೂತ್ರ ಹೆಚ್ಚಾಗುವ ಮಾತ್ರೆಗಳಲ್ಲಿ ಎರಡನ್ನು ನುಂಗಿಸಿದೆ. ಇದು ಕೋಚ್‌ಗೆ ಗೊತ್ತಿರಲಿಲ್ಲ.

14ರ ಬೆಳಿಗ್ಗೆ 5.30ಕ್ಕೆ ತೂಕ 55 ಕಿಲೋ 600. 5.45ಕ್ಕೆ ಅವಳಿಗೆ ಒಂದರ ಮೇಲೊಂದು ಎರಡು ರೇನ್‌ಕೋಟ್ ತೊಡಿಸಿ, ಬಟ್ಟೆ ಒಣಗಿಸುವ ಕೋಣೆಗೆ ಕಳಿಸಿ, ಹೀಟರ್ ಹಾಕಿ, ಹೊರಗಿನಿಂದ ಚಿಲಕ ಹಾಕಿದೆ. ಕೋಣೆ ಹತ್ತಡಿ ಉದ್ದ, ಎಂಟಡಿ ಅಗಲ, ಕಿಟಕಿ ಇಲ್ಲ. ಒಳಗೆ ಓಡ್ತಾ ಕಬಡ್ಡಿ ಕಬಡ್ಡಿ ಅಂತಿರು, ಅದು ಕೇಳಿಸೋ ತನಕ ನೀನು ಸರಿಯಾಗಿದ್ದೀಯ ಅಂತ ತಿಳ್ಕೋತೀನಿ ಎಂದೆ. ಅಜ್ಜಿ, ಹೊರಗಡೆ ನೀನೇ ರೆಫರಿ, ಔಟ್ ಮಾತ್ರ ಕೊಡ್ಬೇಡ ಎಂದು ನಕ್ಕಳು.

ಬಾಗಿಲಿನಿಂದ ಮೂರಡಿ ದೂರದ ಬೆಂಚಿನ ಮೇಲೆ ಕುಳಿತೆ. ಮೊದಲು ದನಿ ಜೋರಾಗಿತ್ತು. ಆಮೇಲೆ ಇಳಿಯಿತು. 6.10ಕ್ಕೆ ಕಸ ಗುಡಿಸುವಾಕೆ ಪೊರಕೆ ನಿಲ್ಲಿಸಿ, ಅಮ್ಮಾ, ಒಳಗೆ ಯಾರೋ ಅಜ್ಜಿ ಅಜ್ಜಿ ಅಂತಿದ್ದಾರಲ್ಲಾ ಎಂದಳು. ಅದು ಕಬಡ್ಡಿ ಕಣಮ್ಮ, ಉಸಿರು ಕಟ್ಟಿ ಹೇಳುವಾಗ ಕೊನೆ ಅಕ್ಷರ ಅಷ್ಟೇ ಕೇಳ್ಸೋದು, ನಿನಗೆ ಆಟ ತಿಳಿಯಲ್ಲ, ಮುಂದೆ ಹೋಗು ಎಂದು ಗದರಿದೆ. ಆಕೆ ಹೋದಳು. ಮೊಮ್ಮಗಳ ದಮ್ಮು ಎಷ್ಟು ಗಟ್ಟಿ ಎಂದು ನಾನು ಒಳಗೊಳಗೇ ಹಿಗ್ಗಿದೆ. ಇದನ್ನೂ ಬರೆದುಕೊಳ್ಳಬೇಕು.

6.22ಕ್ಕೆ ದನಿ ನಿಂತಿತು. ಉಸಿರು ತೆಗೆದುಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಒಂದು ದಾಳಿಗೆ ಮೂವತ್ತು ಸೆಕೆಂಡು. ಮೂವತ್ತು ಎಣಿಸಿದೆ. ಮತ್ತೆ ಮೂವತ್ತು, ಮತ್ತೆ ಮೂವತ್ತು. 6.24ಕ್ಕೆ ಚಿಲಕ ತೆಗೆದೆ. ಚೂಟಿ ಬಾಗಿಲಿಗೆ ಒರಗಿದ್ದವಳು ನನ್ನ ಕಾಲ ಮೇಲೆ ಬಿದ್ದಳು. ದನಿ ಇರಲಿಲ್ಲ, ತುಟಿ ಮಾತ್ರ ಆಡುತ್ತಿತ್ತು. ಕಬಡ್ಡಿ ಎನ್ನಲು ತುಟಿ ಕೂಡಬೇಕು. ಅವಳ ತುಟಿ ಕೂಡಲಿಲ್ಲ.

ನನ್ನ ಕೂಗು ಕೇಳಿ ಕೋಚ್ ಓಡಿಬಂದು ರೇನ್‌ಕೋಟ್ ಬಿಚ್ಚಿ ತನ್ನ ಚೀಲಕ್ಕೆ ತುರುಕಿ, ಮಗುವನ್ನು ಎತ್ತಿಕೊಂಡಳು. ನಾಲ್ಕು ಕಿಲೋಮೀಟರ್ ದೂರದ ಆಸ್ಪತ್ರೆಗೆ 6.50ಕ್ಕೆ ತಲುಪಿದೆವು. ಕೋಚ್ ಚೀಟಿ ಮಾಡಿಸಲು ಹೋದಾಗ ವೈದ್ಯರು ಏನಾಯಿತೆಂದು ನನ್ನನ್ನು ಕೇಳಿದರು. ಅಭ್ಯಾಸದಲ್ಲಿ ಬಿದ್ದು ತಲೆಗೆ ಪೆಟ್ಟಾಯಿತು ಎಂದು ನಾನು ಸುಳ್ಳು ಹೇಳಿದೆ. ಅವರು ತಲೆಯ ಸ್ಕ್ಯಾನ್‌ಗೆ ಕಳಿಸಿದರು. ಕೋಚ್ ಬಂದಾಗ, ವೈದ್ಯರಿಗೆ ಎಲ್ಲ ಹೇಳಿದ್ದೇನೆ ಎಂದು ಅವಳಿಗೂ ಸುಳ್ಳು ಹೇಳಿದೆ.

9ಕ್ಕೆ ಚೂಟಿಯ ಅಪ್ಪ ಅಮ್ಮ, ಅಂದರೆ ನನ್ನ ಮಗ, ಸೊಸೆ ಬಂದರು. ಮಗ ಕೋಚ್‌ನ ಚೀಲದಲ್ಲಿ ಒದ್ದೆ ರೇನ್‌ಕೋಟ್ ನೋಡಿ ಅವಳ ಮೇಲೆ ದೂರು ಕೊಟ್ಟ. 10.30ಕ್ಕೆ ಪೊಲೀಸರು ಅವಳನ್ನು ಕರೆದೊಯ್ಯುವಾಗ ಅವಳು ಒಮ್ಮೆ ನನ್ನ ಮುಖ ನೋಡಿದಳು, ಮಾಡಿದ್ದು ನಾನೆಂದು ಹೇಳಲಿಲ್ಲ. ನಾನೂ ಹೇಳಲಿಲ್ಲ.

11ಕ್ಕೆ ವೈದ್ಯರು ಹೊರಗೆ ಬಂದು, ತಲೆಗೆ ಏನೂ ಆಗಿಲ್ಲ, ಮೂತ್ರಪಿಂಡ ನಿಲ್ಲುತ್ತಿದೆ, ಕಾರಣ ತಿಳಿಯದೆ ನಾವು ಕತ್ತಲಲ್ಲಿ ತಡಕಾಡುತ್ತಿದ್ದೇವೆ ಎಂದರು. ಆಗ ಮಾತ್ರೆ, ನೀರು, ಹೀಟರ್ ಎಲ್ಲವನ್ನೂ ಮಗನ ಎದುರಿಗೇ ಹೇಳಿದೆ. ಏಳು ಗಂಟೆಗೇ ಹೇಳ್ಬೇಕಿತ್ತಲ್ಲಮ್ಮಾ ಎಂದು ವೈದ್ಯರು ಒಳಗೆ ಓಡಿದರು. ಮಗ ಗೋಡೆಯ ಕಡೆ ತಿರುಗಿ ನಿಂತ.

ಮಗುವಿಗೆ ಇನ್ನೂ ಎಚ್ಚರವಾಗಿಲ್ಲ. ಕೋಚ್‌ನ ತಪ್ಪು ಏನೂ ಇಲ್ಲ. ಅವಳು ಬೇಡವೆಂದಳು, ಮಾಡಿದ್ದು ನಾನು. ಅವಳನ್ನು ಬಿಡಬೇಕು. ನನಗಾಗಿ ಜಾಮೀನು ಕೇಳಬಾರದೆಂದು ಮಗನಿಗೆ ಹೇಳಿದ್ದೇನೆ.

ನಾನು ಹೊರಟಾಗ ಸೊಸೆ ಮೆಟ್ಟಿಲವರೆಗೆ ಬಂದು, ಅತ್ತೆ, ಮಗು ಕಣ್ಣು ಬಿಟ್ರೆ ಮೊದಲು ಕೇಳೋದು ನಿಮ್ಮನ್ನೇ, ಏನು ಹೇಳ್ಲಿ ಎಂದು ಕೇಳಿದಳು. ಇದ್ದದ್ದನ್ನೇ ಹೇಳು, ನಿಮ್ಮಜ್ಜಿ ಪೊಲೀಸ್ ಠಾಣೆಗೆ ಹೋದಳು ಅನ್ನು ಎಂದು ಹೇಳಿ, ನಡೆದುಕೊಂಡು ಇಲ್ಲಿಗೆ ಬಂದೆ.

ಮೇಲೆ ಬರೆದದ್ದನ್ನು ನಾನೇ ಎರಡು ಸಲ ಓದಿ ನೋಡಿದ್ದೇನೆ. ನಡೆದದ್ದು ಇಷ್ಟೇ, ಹೀಗೆಯೇ.

ಸ್ಥಳ: ಠಾಣೆಯ ಬರವಣಿಗೆ ಕೋಣೆ
ದಿನಾಂಕ: 14, ಮಧ್ಯಾಹ್ನ 12.35
(ಸಹಿ)