ಗಿಬ್ಬಿಯ ವ್ಯಾನಿನ ಮಂಚ

ದೀಪ ಸಣ್ಣದು ಮಾಡಿ. ಊಟ ಆಗದವರು ಮೊದಲು ಉಂಡು ಬನ್ನಿ... ಇದನ್ನು ಕೇಳಿದ ಮೇಲೆ ತುತ್ತು ಇಳಿಯುವುದಿಲ್ಲ.

ನಮ್ಮ ದೊಡ್ಡಮ್ಮನ ಮಗ ಗಿಬ್ಬಿಗೆ ಆದದ್ದು. ಹೋದ ಜೂನ್. ಇಷ್ಟು ಉತ್ತರದ ನಮ್ಮ ಶೆಟ್ಲೆಂಡ್ ದ್ವೀಪಗಳಲ್ಲಿ ಆಗ ಪೂರ್ತಿ ಕತ್ತಲೆಯೇ ಆಗುವುದಿಲ್ಲ, ಬೂದಿ ಬಣ್ಣದ ಬೆಳಕು. ಹನ್ನೆರಡೂವರೆಗೆ ಇಸ್ಪೀಟು ಮುಗಿಸಿ ನಡೆದು ಬರುತ್ತಿದ್ದ. ಬಾವಿ ದಾಟಿದ. ಬಾವಿಯ ಪಕ್ಕ ಬೋರಲು ಬಿದ್ದ ಹಳೇ ದೋಣಿಗೆ ಹಲಗೆಯಿಲ್ಲ, ಬರೀ ಪಕ್ಕೆಲುಬು. ಹಲಗೆ ಕಿತ್ತವನು ಅವನೇ.

ಅದು ಆರು ಹುಟ್ಟಿನ ಮೀನುದೋಣಿ. ಅಜ್ಜನ ಕಾಲದಲ್ಲಿ ಆರು ಜನ ಹೋದರು, ದೋಣಿ ಮಾತ್ರ ದಡಕ್ಕೆ ಬಂತು. ಆಳು ತಿಂದ ದೋಣಿಯ ಮರ ಮುಟ್ಟಬಾರದು, ಅದು ಬಿದ್ದಲ್ಲೇ ಕೊಳೆಯಬೇಕು. ನಮ್ಮೂರಿನ ಕೂಸಿಗೂ ಗೊತ್ತು. ಗಿಬ್ಬಿಗೆ ಗೊತ್ತಿಲ್ಲವೇ? ಜಿಪುಣ!

"ನಾರ್ವೆ ಪೈನ್ ಕಣೋ ಎರ್ಟಿ, ಪುಕ್ಸಟ್ಟೆ" ಅಂದ ನನ್ನ ಹತ್ತಿರ. ಸೆಕೆಂಡ್ ಹ್ಯಾಂಡ್ ವ್ಯಾನಿನೊಳಗೆ ಅದರಲ್ಲೇ ಮಂಚ ಮಾಡಿದ. ಥೂ... ಸತ್ತವರ ದೋಣಿ ಮೇಲೆ ಹೆಂಡತಿಯನ್ನು ಮಲಗಿಸುವ ಗಂಡಸು!

ಹೆಂಡತಿ ಓಸ್ಲಾ. ವ್ಯಾನಿನಲ್ಲಿ ಯೆಲ್, ಫೆಟ್ಲರ್, ಅನ್ಸ್ಟ್ ದ್ವೀಪಗಳನ್ನು ಸುತ್ತಿ ಉತ್ತರದ ತುದಿ ಮುಟ್ಟಬೇಕು ಅನ್ನುವುದು ಅವಳ ಆಸೆ. ಹತ್ತು ವರ್ಷದಲ್ಲಿ ಹತ್ತು ಸಲ ಹೊರಡಿಸಿದ್ದ, ಹತ್ತು ಸಲವೂ ಕೈಕೊಟ್ಟಿದ್ದ. ಒಮ್ಮೆ ಕುರಿ, ಒಮ್ಮೆ ಸೂರು, ಒಮ್ಮೆ ಬೆನ್ನು ನೋವು.

"ಈ ಸಲ ನೀನ್ ಬರ್ದಿದ್ರೂ ಹೋಗೋಳೇ ನಾನು" ಅಂದಿದ್ದಳು. "ಒಬ್ಳೇ ಹೋದ್ರೆ ವಾಪಸ್ ಬರ್ತೀಯಾ ಅಂತ ಮಾತ್ರ ಕೇಳ್ಬೇಡ."

ಆ ರಾತ್ರಿ ಅಂಗಳಕ್ಕೆ ಬಂದ. ವ್ಯಾನಿನೊಳಗೆ ಸದ್ದು. ಕಿರ್ರ್... ಡಬ್. ಕಿರ್ರ್... ಡಬ್. ಹುಟ್ಟು ಹಾಕುವ ಸದ್ದು. ಕಿವಿಯಿಟ್ಟ. ಗಂಡಸರ ದನಿ.

"ಯೆಲ್ ದಾಟಿದ್ವಿ... ಆಮೇಲೆ?"

"ಪ್ರಾರ್ಥನೆಮನೆ ಹತ್ರ ಒಂದು ರಾತ್ರಿ."

"ಗೀರೋಳು?"

"ಅವಳು ಮನೇಲಿ."

ಗಿಬ್ಬಿಗೆ ಬೆವರಿಳಿಯಿತು. ನಮ್ಮ ಬೆಸ್ತರು ದೋಣಿ ಹತ್ತಿದ ಮೇಲೆ ಚರ್ಚು ಅನ್ನುವುದಿಲ್ಲ, ಬೆಕ್ಕು ಅನ್ನುವುದಿಲ್ಲ. ಸಮುದ್ರಕ್ಕೆ ಆಗದ ಮಾತು ಅವು. ಪ್ರಾರ್ಥನೆಮನೆ, ಗೀರೋಳು ಅಂತಲೇ ಅನ್ನಬೇಕು. ಈಗ ಹಾಗೆ ಮಾತಾಡುವವರು ಯಾರೂ ಉಳಿದಿಲ್ಲ.

ಬಾಗಿಲು ಎಳೆದ. ಯಾರೂ ಇಲ್ಲ. ನಾತ... ಕೊಳೆತ ಮೀನಿನ ಈಲಿಯ ನಾತ, ಮೂಗಿಗಲ್ಲ, ನೇರ ಗಂಟಲಿಗೆ ಇಳಿಯುವಂಥದ್ದು. ಹಾಸಿಗೆ ಒತ್ತಿದ. ಪಿಚಕ್ ಅಂತು. ಅದರ ಮೇಲೆ ಓಸ್ಲಾ ಬರೆದಿಟ್ಟ ಪ್ರಯಾಣದ ಪಟ್ಟಿ. ಅದರಲ್ಲಿ 'ಚರ್ಚು' ಅನ್ನುವ ಮಾತನ್ನು ಯಾರೋ ಹೆಬ್ಬೆರಳಿಂದ ಉಜ್ಜಿ ಅಳಿಸಿದ್ದರು. 'ಬೆಕ್ಕು' ಇದ್ದಲ್ಲಿ ಬರೀ ಲೋಳೆ, ಲೋಳೆಯಲ್ಲಿ ಮೀನಿನ ಹುರುಪೆ. ಹಾಳೆ ಎತ್ತಿದರೆ ಲೋಳೆ ಎಳೆ ಎಳೆಯಾಗಿ ಅವನ ಬೆರಳಿಗೆ ಅಂಟಿಕೊಂಡಿತು. ಅಲ್ಲೇ ವಾಂತಿ ಮಾಡಿಕೊಂಡ.

ಬೆಳಗ್ಗೆ ನನ್ನೆದುರಿಗೇ ಓಸ್ಲಾಗೆ ಹೇಳಿದ.

"ಟ್ರಿಪ್ ಬೇಡ ಕಣೇ."

"ಹನ್ನೊಂದನೇ ಸಲ."

"ವ್ಯಾನಲ್ಲಿ ವಾಸನೆ..."

"ನಿನ್ ಸಾಕ್ಸಿಗಿಂತ ವಾಸಿ."

"ಒಳಗೆ ಯಾರೋ ಇದಾರೆ ಕಣೇ!"

ಅವಳು ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಇದ್ದಳು. "ಇರ್ಲಿ. ಅವರಾದ್ರೂ ಹೊರಟು ನಿಂತಿದಾರಲ್ಲ."

"ಹಲಗೆ ಕಿತ್ತು ಬಾವಿ ಹತ್ರ ವಾಪಸ್ ಇಟ್ಟು ಬಾರೋ" ಅಂದೆ ನಾನು. ಏನಂದ ಗೊತ್ತೇ? "ಅಂಟು ಹಾಕಿದೀನಿ ಕಣೋ, ಕಿತ್ರೆ ಮಂಚ ಹಾಳಾಗುತ್ತೆ." ಅವನ ಮುಖ ನೋಡಲು ಹೇಸಿಗೆಯಾಯಿತು. ದೆವ್ವಕ್ಕಿಂತ ಇವನೇ ಹೆಚ್ಚು ನಾರುತ್ತಿದ್ದ.

ಶುಕ್ರವಾರದ ಮೊದಲ ಹಡಗು. ಗಾಡಿಗಳನ್ನು ಹಡಗಿಗೆ ಹತ್ತಿಸುವ ಕೆಲಸ ನನ್ನದು, ಹೊರಟ ಮೇಲೆ ಟೀ ಕೊಡುವುದೂ ನಾನೇ. ವ್ಯಾನು ಬಂತು, ನೆಲ ಕೆರೆಯುವಷ್ಟು ತಗ್ಗಿ. ಓಸ್ಲಾ ಒಬ್ಬಳೇ. ಗಾಜು ಇಳಿಸಿದಳು. ಕೆನ್ನೆ ಕೆಂಪಗೆ, ಮದುವೆಯ ದಿನವೂ ಅವಳು ಅಷ್ಟು ಚೆಂದ ಕಂಡಿರಲಿಲ್ಲ. ನಾತಕ್ಕೆ ನಾನು ಹಿಂದೆ ಸರಿದೆ.

"ಗಿಬ್ಬಿ ಎಲ್ಲಿ?"

ಹಿಂದೊಮ್ಮೆ ತಿರುಗಿ ನೋಡಿದಳು. ದನಿ ತಗ್ಗಿಸಿದಳು. "ಮನೇಲಿ... ಗೀರೋಳಿಗೆ ಜೊತೆ ಬೇಕಲ್ಲ, ಎರ್ಟಿ."

ಕೈ ಬೀಸಿ ಮುಂದಕ್ಕೆ ಬಿಟ್ಟೆ.

ಅವಳು ಇವತ್ತಿಗೂ ವಾಪಸ್ ಬಂದಿಲ್ಲ. ಕಾರ್ಡು ಬರುತ್ತದೆ, ಚೆನ್ನಾಗಿದ್ದೇನೆ ಅಂತ. ಗಿಬ್ಬಿ ಬಾಗಿಲಲ್ಲಿ ಕೂತು ಅದನ್ನೇ ಓದುತ್ತಾನೆ. ಕೂತಿರಲಿ.

ನಗಬೇಡಿ. ಸುಳ್ಳು ಹೇಳಿ ನನಗೇನು ಸಿಗಬೇಕು? ಅವತ್ತು ಹಡಗು ಹೊರಟ ಮೇಲೆ ಓಸ್ಲಾ ಮೇಲಂತಸ್ತಿಗೆ ಬಂದು ಏಳು ಲೋಟ ಟೀ ತಗೊಂಡು ವ್ಯಾನಿಗೆ ಹೋದಳು. ದಡ ಬರುವಾಗ ಏಳೂ ಖಾಲಿ ಲೋಟ ತಂದಿಟ್ಟಳು. ಒಂದು ಚೊಕ್ಕಟವಾಗಿತ್ತು. ಉಳಿದ ಆರರ ಅಂಚಿನಲ್ಲಿ, ತುಟಿ ತಾಗುವಲ್ಲಿ, ಲೋಳೆ ಇನ್ನೂ ಜೋತಾಡುತ್ತಿತ್ತು... ತೊಳೆದವನು ನಾನೇ.